ಮೆತ್ತನೆಯ ದನಿ

"ನೀನು ಹೇಳಿದ್ದಕ್ಕೆ ಸರಿಯಾಯ್ತು ರಮ್ಯಾ. ಬೇರೆ ಯಾರಾದ್ರೂ ಹೇಳಿದ್ರೆ ನಂಗೆ ಅಳು ಬಂದ್ಬುಡ್ತಿತ್ತು," ಎಂದಳು ನಾಹಿದಾ. ಹಾಗೆಂದು ರಮ್ಯಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಬೆಳಗಿನಿಂದ ಬಿಸಿನೀರಿನಲ್ಲಿ ನೆಂದ ಆ ಬೆರಳುಗಳು ಬೆಳ್ಳಗಾಗಿ, ಸುಕ್ಕುಗಟ್ಟಿ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಜಾರುತ್ತಿದ್ದವು.

ಅವರಿಬ್ಬರೂ ಫಿಲೇಚರಿನ ಹಿಂದಿನ ನಲ್ಲಿಯ ಹತ್ತಿರ ನಿಂತಿದ್ದರು. ಒಳಗೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರಾಟೆಗಳು ಗರಗರ ಎನ್ನುತ್ತಿದ್ದವು.

"ಹದಿನೈದೇ ದಿನ ಕಣೆ," ಎಂದಳು ರಮ್ಯ. "ನಿನ್ನ ಮುಖ ಬಾಡೋಗೈತೆ ಅಂತ ಓನರ್ ಅಣ್ಣನೇ ನೋಡಿ ಹೇಳವ್ರೆ. ಮನೇಲಿ ಒಸಿ ಮಲಗು, ಹೊತ್ಹೊತ್ತಿಗೆ ಉಣ್ಣು. ಸೀಟು ಎಲ್ಲೂ ಹೋಗಾಕಿಲ್ಲ."

ನಾಹಿದಾ ತಲೆಯಾಡಿಸಿದಳು. ದುಪಟ್ಟಾ ಸರಿಮಾಡಿಕೊಂಡು, ಊಟದ ಡಬ್ಬಿ ತೆಗೆದುಕೊಂಡು, ಗೇಟಿನಲ್ಲಿ ಒಮ್ಮೆ ಹಿಂದೆ ತಿರುಗಿ ಕೈಯಾಡಿಸಿ ಹೋದಳು. ಹೊಟ್ಟೆಗೆ ಹೊಡೆಯುವ ಮಾತನ್ನು ಹೊಡೆಸಿಕೊಂಡವಳೇ ಕೈ ಹಿಡಿದು ಮೆಚ್ಚುವ ಹಾಗೆ ಹೇಳುವುದು ಎಲ್ಲರ ಕೈಲೂ ಆಗುವುದಲ್ಲ. ರಮ್ಯಳ ಕೈಲಿ ಆಯಿತು. ಅದಕ್ಕೇ ಅವಳನ್ನು ಮೇಸ್ತ್ರಿ ಮಾಡಿದ್ದರು.

ರಮ್ಯ ಕೂಟಗಲ್ ಕಡೆಯವಳು. ಮನೆಯಲ್ಲಿ ಕುರಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೂರು ವರ್ಷ ಅಪ್ಪನ ಕುರಿಗಳ ಹಿಂದೆ ತಿರುಗಿದವಳು. ಕುರಿ ಮಾತಾಡುವುದಿಲ್ಲ. ಯಾವುದಕ್ಕೆ ಜ್ವರ, ಯಾವುದು ಇವತ್ತು ಈಯುತ್ತದೆ, ಯಾವುದು ಮಂದೆ ಬಿಟ್ಟು ಹೋಗುವ ಯೋಚನೆಯಲ್ಲಿದೆ ಎಂಬುದನ್ನು ಕಿವಿ, ಕಣ್ಣು, ನಡಿಗೆ ನೋಡಿ ತಿಳಿಯಬೇಕು. ಮಾತಾಡಲು ನಾಚುವ ಹುಡುಗಿಗೆ ಅದು ಒಗ್ಗಿತು. ರಾಮನಗರಕ್ಕೆ ಬಂದು ಬಿಸಿನೀರಿನ ಬೇಸಿನ್ ಮುಂದೆ ಕೂತ ಮೇಲೂ ಅವಳು ಅದನ್ನೇ ಮಾಡಿದಳು. ಜೊತೆಯ ಹದಿಮೂರು ಹೆಂಗಸರ ಮುಖ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಫಿಲೇಚರನ್ನು ಮೊದಲು ನಡೆಸುತ್ತಿದ್ದವನು ಪುಟ್ಟಸ್ವಾಮಿ. ಬಾಯಿ ತೆರೆದರೆ ಬೈಗುಳ. ಎಳೆ ದಪ್ಪವಾದರೆ ನೂಲಿನ ಲಡಿಯನ್ನೇ ಕಿತ್ತು ಹೆಂಗಸರ ಮುಖದ ಮೇಲೆ ಎಸೆಯುತ್ತಿದ್ದ. ಕಳೆದ ವರ್ಷ ಅವನಿಗೆ ಲಕ್ವ ಹೊಡೆದು ಮಗ ಅಶ್ವಥ್ ಬಂದು ಕೂತ. ಬಂದ ತಿಂಗಳಲ್ಲೇ ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದ. ಬಂದವನು ಎಲ್ಲರನ್ನೂ ನಿಲ್ಲಿಸಿ, "ನನ್ನ ಸಾರ್ ಅನ್ಬೇಡಿ, ಅಣ್ಣ ಅನ್ನಿ. ಬೈದು ಕೆಲಸ ಮಾಡಿಸೋ ಕಾಲ ಹೋಯ್ತು. ಲೀಡರ್ ಅಂದ್ರೆ ಇನ್ನೊಬ್ಬರ ಮನಸ್ಸು ಓದೋನು," ಎಂದ. ಗೋಡೆಗೆ ಒಂದು ಬೋರ್ಡು ಹೊಡೆಸಿದ. ಹದಿನಾಲ್ಕು ಹೆಸರು. ಪಕ್ಕದ ಡಬ್ಬಿಯಲ್ಲಿ ನಗುವ ಮುಖ, ಅಳುವ ಮುಖ, ಕೆಂಪಗೆ ಸಿಡುಕುವ ಮುಖ. ಬೆಳಗ್ಗೆ ಬಂದ ತಕ್ಷಣ ತಮ್ಮ ಮನಸ್ಸು ಹೇಗಿದೆಯೋ ಆ ಮುಖವನ್ನು ತಮ್ಮ ಹೆಸರಿನ ಮುಂದೆ ಅಂಟಿಸಬೇಕು.

ಮೊದಲ ದಿನ ಮುನಿತಾಯಮ್ಮ ಕೆಂಪು ಮುಖ ಅಂಟಿಸಿದಳು. ಐವತ್ತು ದಾಟಿದವಳು, ಅಲ್ಲಿ ಎಲ್ಲರಿಗಿಂತ ಹಳಬಳು. ಅಶ್ವಥ್ ಅವಳನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿಸಿದ. ಹೊರಗೆ ಬಂದವಳು, "ಹೊಟ್ಟೇಲಿದ್ದದ್ನೆಲ್ಲ ಕಕ್ಕಿಸ್ಬುಟ್ಟ ಕಣ್ರೇ. ಮಗ ಕುಡಿಯೋದು, ಸೊಸೆ ತವರಿಗೆ ಹೋಗಿರೋದು, ಎಲ್ಲ ಹೇಳ್ಬುಟ್ಟೆ. ಹಗುರಾತು," ಎಂದಳು. ಒಂದು ತಿಂಗಳಾದ ಮೇಲೆ ಅವಳು ಎರಡು ದಿನ ರಜ ಕೇಳಿದಾಗ, "ಮಗನ ಟೆನ್ಷನ್ ಇದೆ ಅಲ್ವಾ ನಿಮಗೆ? ಆ ಟೆನ್ಷನ್‌ನಲ್ಲಿ ಕಿಟಕಿ ಪಕ್ಕ ಕೂತ್ರೆ ಗಮನ ಹೋಗುತ್ತೆ," ಎಂದು ಮೆತ್ತಗೆ ಹೇಳಿ ಅವಳನ್ನು ಬಾಯ್ಲರ್ ಪಕ್ಕದ ಬೇಸಿನ್ನಿಗೆ ಹಾಕಿದ. ಮುನಿತಾಯಮ್ಮ ಅವತ್ತು ಊಟಕ್ಕೆ ಕೂತಾಗ ಹೇಳಿದಳು: "ಅವ್ರಪ್ಪ ಬಾಯಲ್ಲಿ ಒದೀತಿದ್ದ. ಇವ್ನು ಕಿವೀಲಿ ಒದೀತಾನೆ." ಮಾರನೆಯ ದಿನದಿಂದ ಬೋರ್ಡಿನ ತುಂಬ ಹದಿನಾಲ್ಕೂ ನಗುವ ಮುಖಗಳೇ.

ಬೋರ್ಡು ಹೇಳದೆ ಹೋದದ್ದನ್ನು ಹೇಳುವವರು ಬೇಕಾಗಿ ಅಶ್ವಥ್ ರಮ್ಯಳನ್ನು ಮೇಸ್ತ್ರಿ ಮಾಡಿದ. ಸಾಯಂಕಾಲ ರಾಟೆ ನಿಂತ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಎದುರೇ ಟೀ ಕೊಡಿಸಿ, "ಇವತ್ತು ಯಾರ ಮುಖ ಹೇಗಿತ್ತು ರಮ್ಯಾ?" ಎಂದು ಕೇಳುತ್ತಿದ್ದ. ಅವಳ ಇಪ್ಪತ್ಮೂರು ವರ್ಷದ ಬಾಳಿನಲ್ಲಿ ಯಾರೂ ಅವಳನ್ನು ಏನನ್ನೂ ಹಾಗೆ ಕೇಳಿರಲಿಲ್ಲ. ಅವಳು ಹೇಳಿದಳು. ಮೊದಮೊದಲು ಒಂದೊಂದು ಮಾತು, ಆಮೇಲೆ ಟೀ ಆರುವವರೆಗೆ. ಅವನು ನಡುವೆ ಬಾಯಿ ಹಾಕದೆ, ಕಣ್ಣು ಕೀಳದೆ ಕೇಳುತ್ತಿದ್ದ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಅವಳಿಗೆ ತಾನು ದೊಡ್ಡವಳಾದಂತೆ ಅನ್ನಿಸುತ್ತಿತ್ತು.

ಹಾಗೆ ಒಂದು ಸಾಯಂಕಾಲ ಅವಳು ನಾಹಿದಾಳ ವಿಷಯ ಹೇಳಿದ್ದು. ನೂಲು ಬಿಚ್ಚಿದ ಮೇಲೆ ಉಳಿದ ಹುಳದ ಬುಟ್ಟಿ ಬಂದಾಗ ನಾಹಿದಾ ಮೂಗಿಗೆ ದುಪಟ್ಟಾ ಒತ್ತಿಕೊಳ್ಳುತ್ತಿದ್ದಳು, ಟೀ ಬಿಟ್ಟಿದ್ದಳು, ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದಳು. "ಬಸ್ರಿ ಇರ್ಬೇಕು ಅಣ್ಣ. ಎರಡು ಮೂರು ತಿಂಗ್ಳು. ಬೆಂದ ಹುಳ ಹಾಕೋ ಬುಟ್ಟೀನ ಅವಳ ತಾವಿಂದ ಆ ಕಡೆಗಿಟ್ರೆ ವಾಸಿ," ಎಂದಿದ್ದಳು. ಅಷ್ಟೇ ಅವಳು ಕೇಳಿದ್ದು, ಒಂದು ಬುಟ್ಟಿ ಸರಿಸಿ ಅಂತ.

"ಹೇಳಿ ಒಳ್ಳೇ ಕೆಲಸ ಮಾಡ್ದೆ," ಎಂದಿದ್ದ ಅಶ್ವಥ್. ಮಾರನೆಯ ದಿನ, "ಹದಿನೈದು ದಿನ ರೆಸ್ಟ್ ತಗೊಳ್ಳಲಿ. ನೀನೇ ಹೇಳು. ನಿನ್ನ ಬಾಯಿಂದ ಬಂದ್ರೆ ಅವಳಿಗೆ ನೋವಾಗಲ್ಲ," ಎಂದ. ಹಾಗೆನ್ನುವಾಗ ಅವನು ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದ. ಯಾವತ್ತೂ ಕಣ್ಣು ಕೀಳದವನು ಅವತ್ತು ಪೆನ್ನು ನೋಡಿದ. ರಮ್ಯ ಅದನ್ನು ಕಂಡಳು. ಕಂಡೂ ನಲ್ಲಿಯ ಹತ್ತಿರ ಹೋಗಿ ಅಷ್ಟು ಚೆನ್ನಾಗಿ ಹೇಳಿದಳು.

ನಾಹಿದಾ ಹೋದ ಮೂರನೆಯ ದಿನ ಅಶ್ವಥ್ ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಬಂದು ರಾಟೆ ನಿಲ್ಲಿಸಿದ. "ನಮ್ಮ ನಾಹಿದಾ ತಾಯಿ ಆಗ್ತಿದ್ದಾಳೆ. ಮಗುಗೋಸ್ಕರ ಕೆಲಸ ಬಿಡ್ತೀನಿ ಅಂದ್ಲು. ನಾವೆಲ್ಲ ಖುಷಿ ಪಡೋಣ," ಎಂದು ಚಪ್ಪಾಳೆ ತಟ್ಟಿದ. ಒಬ್ಬೊಬ್ಬರ ಒದ್ದೆ ಕೈಗೂ ತಾನೇ ಸಿಹಿ ಇಟ್ಟ. ನಾಹಿದಾ ಕೂರುತ್ತಿದ್ದ ಏಳನೇ ಬೇಸಿನ್ ಮುಂದೆ ಆಗಲೇ ಕಬ್ಬಾಳಿನ ಭಾನುಪ್ರಿಯ ಎಂಬ ಹೊಸ ಹುಡುಗಿ ಕೂತಿದ್ದಳು. ಅವಳಿಗೂ ಒಂದು ತುಂಡು.

ರಮ್ಯಳ ಬಾಯಲ್ಲಿ ಮೈಸೂರು ಪಾಕು ಸುಣ್ಣದ ಹಾಗೆ ನಿಂತುಬಿಟ್ಟಿತು. ಸಾಯಂಕಾಲ ಕುರ್ಚಿಯಲ್ಲಿ ಕೂರದೆ ಕೇಳಿದಳು: "ಅಣ್ಣ, ಹದಿನೈದು ದಿನ ಅಂದಿದ್ರಿ."

"ನಿಂಗೆ ಬೇಜಾರಾಗಿದೆ. ಅದು ಸಹಜ," ಎಂದ ಅಶ್ವಥ್. "ಯೋಚನೆ ಮಾಡು, ಆ ಹಬೆಯಲ್ಲಿ ತಲೆ ಸುತ್ತಿ ಬಿದ್ದು ಏನಾದ್ರೂ ಆದ್ರೆ? ಆ ಪಾಪ ನಿಂಗೆ ಬೇಕಾ? ಅವಳ ಒಳ್ಳೇದಕ್ಕೇ ಮಾಡಿದ್ದು. ಟೀ ಕುಡಿ."

ಅವಳು ಕುಡಿದಳು. ಆ ಟೀ ಕುಡಿದದ್ದು ನೆನಪಾದಾಗಲೆಲ್ಲ, ರಾತ್ರಿ ಚಾಪೆಯ ಮೇಲೆ, ಬೆಳಗ್ಗೆ ಬಸ್ಸಿನಲ್ಲಿ, ಅವಳ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೈಯುವವನ ಮೇಲೆ ಸಿಟ್ಟಾಗುವುದು ಸುಲಭ. ನೀರು ಕೊಟ್ಟು, ಕುರ್ಚಿ ಕೊಟ್ಟು, ನಿನ್ನ ನೋವು ನನಗೆ ತಿಳಿಯುತ್ತದೆ ಎನ್ನುವವನ ಮೇಲೆ ಸಿಟ್ಟಾಗಲು ಎಲ್ಲಿಂದ ಶುರು ಮಾಡಬೇಕು?

ಹನ್ನೆರಡನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾಹಿದಾ ಬಂದಳು. ಮೂವತ್ತು ಕೆಜಿ ಗೂಡು ಬೆಂದು ಆಗಷ್ಟೇ ಬೇಸಿನ್ನುಗಳಿಗೆ ಬಿದ್ದಿತ್ತು. ಎಂಟೆಂಟು ಗೂಡಿನ ಎಳೆ ಸೇರಿ ಒಂದೊಂದು ನೂಲಾಗಿ ಮೇಲಕ್ಕೆ ಓಡುತ್ತಿತ್ತು. ನಾಹಿದಾ ಬಾಗಿಲಲ್ಲಿ ನಿಂತು ಏಳನೇ ಬೇಸಿನ್ ನೋಡಿದಳು. ಆಮೇಲೆ ನೇರ ರಮ್ಯಳ ಮುಂದೆ ಬಂದಳು.

"ನಾಹಿದಾ, ಮೊದ್ಲು ಕೂತ್ಕೊ ಬಾ, ಒಸಿ ನೀರು ಕುಡಿ..."

"ಆ ದನೀಲಿ ಮಾತಾಡ್ಬೇಡ!" ನಾಹಿದಾಳ ಕೂಗಿಗೆ ರಾಟೆಯ ಸದ್ದೂ ಅಡಗಿದಂತಾಯಿತು. "ಆ ದನಿ ತಗಂಡು ನನ್ನತ್ರ ಬರ್ಬೇಡ. ಅವತ್ತೂ ಅದೇ ದನೀಲೇ ಅಲ್ವಾ ನೀನು ನನ್ನ ಕತ್ತು ಕುಯ್ದಿದ್ದು? ನಾನು ನಿನ್ನ ಕೈ ಹಿಡ್ಕೊಂಡು ಒಳ್ಳೇದಾಯ್ತು ಅಂದೆ. ಅಲ್ಲಾ, ಎಂಥಾ ಬೇವಕೂಫ್ ನಾನು!"

"ನಂಗೂ ಹದಿನೈದು ದಿನ ಅಂತ್ಲೇ..."

"ನಾನು ಬಸ್ರಿ ಅಂತ ನಿಂಗೆ ಯಾರೇ ಹೇಳಿದ್ದು? ನಾನು ಹೇಳಿದ್ನಾ? ನನ್ನ ಗಂಡಂಗೇ ಹೇಳಿರ್ಲಿಲ್ಲ. ಹೋದ್ಸಲ ಮೂರು ತಿಂಗ್ಳಿಗೇ ಹೋಯ್ತು. ಈ ಸಲ ನಾಲ್ಕು ತುಂಬೋತಂಕ ಯಾರಿಗೂ ಬಾಯಿ ಬಿಡಬಾರ್ದು ಅಂತ ಹಲ್ಲು ಕಚ್ಕೊಂಡಿದ್ದೆ. ನಮ್ಮತ್ತೆಗೆ ಗೂಡಿನ ಮಾರ್ಕೆಟ್ಟಲ್ಲಿ ಯಾರೋ ಮುಬಾರಕ್ ಅಂದ್ರಂತೆ! ಹೋದ್ಸಲಾನೂ ಈ ಬಿಸಿನೀರೇ ತಿಂದಿದ್ದು ಅಂತಾರೆ ಅವ್ರು. ಈಗ ಓನರ್ರೇ ಬ್ಯಾಡ ಅಂದ್ಮೇಲೆ ಹೊಸ್ಲು ದಾಟಾಕೆ ಬಿಡ್ತಾರಾ? ಡಾಕ್ಟ್ರು ಕೂತ್ಕೊಂಡು ಮಾಡೋ ಕೆಲ್ಸ ಮಾಡಮ್ಮ, ಏನೂ ಆಗಲ್ಲ ಅಂದವ್ರೆ. ಇವತ್ತೂ ಆಸ್ಪತ್ರೆಗೆ ಅಂತ ಸುಳ್ಳು ಹೇಳಿ ಬಂದೀನಿ. ಈ ಸೀಟು ಹೋದ್ರೆ ನಾನು ಆ ಅಡಿಗೆ ಮನೆಯಿಂದ ಹೊರಗೆ ಬರೋದು ಹೆಣವಾಗೇ ಕಣೇ!"

ರೂಮಿನ ಬಾಗಿಲು ತೆರೆದು ಅಶ್ವಥ್ ಬಂದ. ಎರಡೂ ಕೈಗಳನ್ನು ಮುಂದೆ ಚಾಚಿ, ತೊಟ್ಟಿಲು ತೂಗುವವನ ಹಾಗೆ ನಡೆದು ಬಂದ. "ನಾಹಿದಾ, ನಿನ್ನ ಕೋಪ ನಂಗೆ ಅರ್ಥ ಆಗುತ್ತೆ. ನಿನ್ನ ಜಾಗದಲ್ಲಿ ನಾನಿದ್ರೂ ಹೀಗೇ ಇರ್ತಿದ್ದೆ. ಬಾಮ್ಮ, ಒಳಗೆ ಕೂತು ಮಾತಾಡೋಣ."

ನಾಹಿದಾಳ ಭುಜ ಒಂದಿಷ್ಟು ಇಳಿಯಿತು. ಒಳಗೆ ಹೋದರೆ ಏನಾಗುತ್ತದೆಂದು ರಮ್ಯಳಿಗೆ ಕಂಡಿತು. ಬಾಗಿಲು ಹಾಕುತ್ತಾನೆ, ನೀರು ಕೊಡುತ್ತಾನೆ, ಅರ್ಧ ಗಂಟೆ ಕೇಳುತ್ತಾನೆ, ಇವಳು ಅಳುತ್ತಾಳೆ, ಹಗುರಾಗಿ ಮನೆಗೆ ಹೋಗುತ್ತಾಳೆ. ಏಳನೇ ಬೇಸಿನ್ ಭಾನುಪ್ರಿಯಳದೇ ಆಗಿರುತ್ತದೆ.

"ಹೋಗ್ಬೇಡ!"

ಯಾರು ಕೂಗಿದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆ ದನಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೊಲದ ಆಚೆ ಬದಿಯಲ್ಲಿರುವ ಕುರಿಯನ್ನು ಕರೆಯುವ ದನಿ ಅದು. ಒಡೆದು ಬರುತ್ತಿತ್ತು.

"ಒಳಕ್ಕೆ ಹೋಗ್ಬೇಡ ನಾಹಿದಾ. ನಾನೇ ಹೇಳಿದ್ದು. ನಿನ್ನ ಮುಖ ನೋಡಿ ನಾನೇ ಕಂಡ್ಕೊಂಡೆ, ನಾನೇ ಇವ್ರಿಗೆ ಹೇಳ್ದೆ." ರಮ್ಯ ಎಲ್ಲರ ಕಡೆ ತಿರುಗಿದಳು. "ನಾಹಿದಾದು ಒಂದೇ ಅಲ್ಲ. ದಿನಾ ಸಾಯಂಕಾಲ ಆ ಕುರ್ಚೀಲಿ ಕೂರಿಸಿ ಯಾರ ಮುಖ ಹೆಂಗಿತ್ತು ಅಂತ ಕೇಳ್ತಾರೆ. ಟೀ ಕೊಡ್ತಾರೆ. ನಾನು ಹೇಳ್ತೀನಿ. ನಿಮ್ಮೆಲ್ಲಾರ್ದೂ ಹೇಳೀನಿ."

"ನಂದೇನೇ ಹೇಳ್ದೆ?" ಮೂರನೇ ಬೇಸಿನ್ನಿನಿಂದ ಒಬ್ಬಳು ಕೇಳಿದಳು.

"ಇಲ್ಲಿ ಹೇಳಾಕಿಲ್ಲ. ಆಮ್ಯಾಕೆ ನಿಂಗೊಬ್ಬಳ್ಗೆ ಹೇಳ್ತೀನಿ. ಒದಿಯೋದಾದ್ರೆ ಆಗ ಒದಿ."

"ರಮ್ಯಾ, ನೀನೀಗ ತುಂಬಾ ಎಮೋಷನಲ್ ಆಗಿದ್ದೀಯ," ಎಂದ ಅಶ್ವಥ್, ಇನ್ನೂ ಮೆತ್ತಗೆ. "ಉಸಿರು ತಗೋ."

"ನನ್ನ ಉಸ್ರು ನನ್ ತಾವೇ ಇರ್ಲಿ. ನೀವು ತಗಂಡಿದ್ದು ಸಾಕು!"

ಮುನಿತಾಯಮ್ಮ ಬಾಯ್ಲರ್ ಪಕ್ಕದಿಂದ ಎದ್ದಳು. ರಮ್ಯಳ ಹತ್ತಿರ ಬಂದು ಮುಖ ನೋಡಿ, "ಥೂ, ನಿನ್ನ ಬಾಯಿಗೆ ಬೆಂದ ಹುಳ ಹಾಕ. ಅಕ್ಕ ಅಕ್ಕ ಅಂದ್ಕೊಂಡೇ ನಮ್ಮನ್ನೆಲ್ಲ ಮಾರ್ಬುಟ್ಯಲ್ಲೇ," ಎಂದಳು. ಹಾಗೆಂದು ತನ್ನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೋಡೆಗೆ ಒರಗಿ ನಿಂತಳು. ಬೇಸಿನ್ನಿಗೆ ಹೋಗಲಿಲ್ಲ. ಅವಳ ರಾಟೆ ನಿಂತಿತು. ಮೂರನೆಯವಳೂ ಕೈ ತೆಗೆದಳು. ಐದನೆಯವಳು. ಹತ್ತನೆಯವಳು. ಗರಗರ ಎನ್ನುವ ಸದ್ದು ಒಂದೊಂದೇ ಮೂಲೆಯಿಂದ ಕಡಿಮೆಯಾಗುತ್ತಾ ಬಂದು ಕೊನೆಗೆ ಬಾಯ್ಲರಿನ ಬುಸುಬುಸು ಮಾತ್ರ ಉಳಿಯಿತು.

ಬೆಂದ ಗೂಡು ಕಾಯುವುದಿಲ್ಲ. ನೀರು ಆರಿದರೆ ಅಂಟು ಬಿಗಿದುಕೊಂಡು ಎಳೆ ಸಿಗುವುದಿಲ್ಲ. ಅರ್ಧ ಗಂಟೆಗೆ ಅದು ಬಟ್ಟೆಗೂ ಬಾರದ, ಯಾತಕ್ಕೂ ಬಾರದ ಮುದ್ದೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

ಅಶ್ವಥ್ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತ. "ಏನು ನೋವು ಹೇಳಮ್ಮ." ಅವಳು ನೆಲ ನೋಡಿದಳು. "ನಿಂಗೇನಾಯ್ತು? ನನ್ನ ಮೇಲೆ ಬೇಜಾರಾ? ಮನಸ್ಸಿನಲ್ಲಿ ಇಟ್ಕೋಬಾರದು, ಹೇಳ್ಬಿಡು." ಅವಳು ಬಳೆ ಸರಿಮಾಡಿಕೊಂಡಳು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಇಷ್ಟು ದಿನ ಮುಖ ಓದಿದ ರಮ್ಯಳಿಗೂ ಅಲ್ಲಿ ಒಂದಕ್ಷರ ಸಿಗಲಿಲ್ಲ. ಹದಿಮೂರು ಹೆಂಗಸರು ತಮ್ಮತಮ್ಮ ಮನಸ್ಸಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ನಿಂತಿದ್ದರು.

ಹಬೆ ತೆಳುವಾಯಿತು. ಅಶ್ವಥ್ ಒಂದು ಬೇಸಿನ್ನಿಗೆ ಬೆರಳದ್ದಿ ನೋಡಿದ. ಗಡಿಯಾರ ನೋಡಿದ. ಅವನ ಕತ್ತಿನ ನರ ಎದ್ದಿತು.

"ಏಯ್ ಬೇವಾರ್ಸಿ ಮುಂಡೇರಾ!" ಅವನ ಬೆಂಗಳೂರಿನ ಕನ್ನಡ ಹೋಗಿ ಅವರಪ್ಪನ ಕನ್ನಡ ಬಂದಿತ್ತು. "ಮೂವತ್ತು ಕೆಜಿ ಗೂಡು ಹಾಳಾಯ್ತಾ ಐತೆ, ಕಣ್ಣು ಕಾಣಾಕಿಲ್ವಾ? ಹಾಕ್ರೇ ಕೈಯ ನೀರ್ಗೆ! ಅಣ್ಣ ಅನ್ನಿ ಅಂದ್ರೆ ತಲೆ ಮ್ಯಾಲೆ ಕೂರ್ತೀರಾ?"

"ಹ್ಞಾ, ಈಗ ಬಂದೆ ನೋಡಪ್ಪ ದಾರಿಗೆ," ಎಂದಳು ಮುನಿತಾಯಮ್ಮ. ಅವಳ ಮುಖದಲ್ಲಿ ಹೆಚ್ಚುಕಡಿಮೆ ನಗು ಇತ್ತು. "ಇಷ್ಟು ದಿನ ಯಾರ ತಾವ ಮಾತಾಡ್ತೀವಿ ಅಂತ್ಲೇ ತಿಳೀತಿರ್ಲಿಲ್ಲ. ಈಗ ನಮ್ಗೂ ಮಾತಾಡಾಕೆ ಬತ್ತದೆ. ಏಳನೇ ಬೇಸಿನ್ಗೆ ನಾಹಿದಾ ಕೂರ್ಲಿ, ಹೆರಿಗೆಗೆ ಅವ್ಳೇ ರಜ ಕೇಳೋಗಂಟ. ಅವ್ಳು ಕೂತ್ಲು ಅಂದ್ರೆ ನಾವು ಕೂತ್ವಿ."

"ನಾನು ಆಗಲ್ಲ ಅಂದ್ರೆ?"

"ಅಂದ್ರೆ ಏನೂ ಇಲ್ಲ ಕಣಪ್ಪ. ಮುದ್ದೆ ಉಣ್ಣು."

ಯಾರೋ ಕಿಸಕ್ಕೆಂದರು. ಭಾನುಪ್ರಿಯ ಯಾರೂ ಹೇಳದೆ ತಾನೇ ಎದ್ದಳು. "ಅಕ್ಕ, ದೇವ್ರಾಣೆ ನಂಗೆ ಗೊತ್ತಿರ್ಲಿಲ್ಲ," ಎಂದಳು. "ನಿಂದೇನೈತೆ, ಆ ಹನ್ನೆರಡು ಖಾಲಿ ಬಿದ್ದೈತೆ, ಹೋಗಿ ಕೂತ್ಕೊ," ಎಂದಳು ನಾಹಿದಾ. ಹನ್ನೆರಡು ಎಂದರೆ ಮೇಸ್ತ್ರಿಯಾಗುವ ಮೊದಲು ರಮ್ಯ ಕೂರುತ್ತಿದ್ದ ಬೇಸಿನ್.

ಅಶ್ವಥ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಬೇಡವೆನ್ನಲಿಲ್ಲ. ನಾಹಿದಾ ದುಪಟ್ಟಾ ಸೊಂಟಕ್ಕೆ ಕಟ್ಟಿ ಕೂತು ನೀರಿಗೆ ಕೈ ಹಾಕಿದಳು. "ಬಿಸಿ ಬಿಡ್ರೇ, ತಣ್ಣಗೈತೆ," ಎಂದು ಕೂಗಿದಳು. ಬಾಯ್ಲರಿನ ನಲ್ಲಿ ತಿರುಗಿತು. ರಾಟೆಗಳು ಒಂದೊಂದಾಗಿ ಎದ್ದವು.

"ನೀನು," ಎಂದ ಅಶ್ವಥ್ ರಮ್ಯಳಿಗೆ, ಈಗ ಕೂಗದೆ, ಮೆತ್ತಗೂ ಅಲ್ಲದೆ. "ಮೇಸ್ತ್ರಿಯಂತೆ ಮೇಸ್ತ್ರಿ. ಹಿಂದಿನ ಶೆಡ್ಡಿಗೆ ಹೋಗು. ಹುಳ ಆರಿಸು. ಇಷ್ಟ ಇಲ್ದಿದ್ರೆ ಗೇಟು ಅಲ್ಲೈತೆ."

ರಮ್ಯ ಒಂದು ಕ್ಷಣ ನಿಂತಳು. ಯಾರಾದರೂ ಏನಾದರೂ ಅನ್ನುತ್ತಾರೆಂದು ಅವಳ ಕಿವಿ ತಾನಾಗಿ ಕಾಯಿತು. ಹದಿನಾಲ್ಕು ರಾಟೆ ತಿರುಗುತ್ತಿದ್ದವು. ಒಬ್ಬರೂ ತಲೆ ಎತ್ತಲಿಲ್ಲ. ಅದು ನ್ಯಾಯವೇ ಎನ್ನಿಸಿತು. ನ್ಯಾಯ ಎನ್ನಿಸಿದ್ದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಆ ಸಿಟ್ಟನ್ನು ಹೊತ್ತುಕೊಂಡೇ ಶೆಡ್ಡಿಗೆ ಹೋಗಿ, ನಾರುವ ಹುಳದ ರಾಶಿಯ ಮುಂದೆ ಕೂತು, ಸಾಯಂಕಾಲದವರೆಗೆ ಆರಿಸಿದಳು.

ಐದೂವರೆಗೆ ಎಲ್ಲರೂ ಹೊರಟರು. ಬಸ್ ಸ್ಟ್ಯಾಂಡಿಗೂ ನಾಹಿದಾಳ ಮನೆಗೂ ರೈಲ್ವೆ ಗೇಟಿನವರೆಗೆ ಒಂದೇ ದಾರಿ. ಹೆಂಗಸರು ಗುಂಪಾಗಿ ಮುಂದೆ ಹೋಗುತ್ತಿದ್ದರು. ಅಶ್ವಥನ ಬೈಗುಳವನ್ನು ಮುನಿತಾಯಮ್ಮ ಅವನ ಹಾಗೇ ಕೈ ಬೀಸಿ ಹೇಳಿ ತೋರಿಸುತ್ತಿದ್ದಳು. ನಗು ಹಿಂದಕ್ಕೆ ತೇಲಿ ಬರುತ್ತಿತ್ತು. ರಮ್ಯ ಇಪ್ಪತ್ತು ಹೆಜ್ಜೆ ಹಿಂದಿದ್ದಳು. ಅವಳ ಬಟ್ಟೆಯಿಂದ ಹುಳದ ವಾಸನೆ ಬರುತ್ತಿತ್ತು.

ಗೇಟು ಹಾಕಿತ್ತು. ಮುಂದಿನವರು ಗೇಟಿನ ಕೆಳಗೆ ಬಗ್ಗಿ ನುಸುಳಿ ದಾಟಿ ಹೋದರು. ನಾಹಿದಾ ಬಗ್ಗಲಿಲ್ಲ. ರಸ್ತೆ ಪಕ್ಕದ ಕಲ್ಲು ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ರಮ್ಯಳ ಕಾಲು ಓಡಲು ಎದ್ದಿತು. ಹಣೆ ಹಿಡಿಯಬೇಕು, ಬೆನ್ನು ಸವರಬೇಕು, ಹೇಗೆ ಯಾವ ಮಾತು ಆಡಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ನಾಹಿದಾ ತಲೆ ಎತ್ತದೆ, ಹಿಂದಕ್ಕೆ ಅಂಗೈ ಚಾಚಿ ತಡೆದಳು. ರಮ್ಯ ನಿಂತಳು.

ಮೈಸೂರಿನ ಕಡೆಯ ರೈಲು ಬಂತು, ಹೋಯಿತು. ಗೇಟು ಕಿರಗುಟ್ಟುತ್ತಾ ಮೇಲೆದ್ದಿತು. ಎರಡೂ ಕಡೆಯಿಂದ ಬೈಕು, ಆಟೋ, ತೆಂಗಿನಕಾಯಿ ತುಂಬಿದ ಟೆಂಪೋ ಒಟ್ಟಿಗೆ ನುಗ್ಗಿ ಹಾರನ್ ಹೊಡೆಯತೊಡಗಿದವು. ನಾಹಿದಾ ಕಲ್ಲಿನ ಮೇಲೆ ಕೂತು ಬಾಟಲಿ ತೆರೆದು ಬಾಯಿ ಮುಕ್ಕಳಿಸಿದಳು. ಏಳಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ, ಧೂಳಿನಲ್ಲಿ, ಬಸ್ಸಿನ ಹೊತ್ತು ಮೀರುತ್ತಿದ್ದರೂ, ರಮ್ಯಳೂ ನಿಂತೇ ಇದ್ದಳು.